ಶಿರಾಜಿನಲ್ಲಿ ಮೆಣಸಿದೆ

ಕೆಂಪು ವೈನ್ ಸಿಹಿಯಾಗಿರಬೇಕು ಅನ್ನುವವರ ಜೊತೆ ನನಗೆ ಮಾತಿಲ್ಲ. ಸಿಹಿ ಬೇಕಾದರೆ ಪಾನಕ ಕುಡಿಯಲಿ, ರಾಮನವಮಿಗೆ ಬೀದಿ ಬೀದಿಯಲ್ಲೂ ಕೊಡುತ್ತಾರೆ. ಈ ಮಾತು ಮುಖ್ಯವಾಗಿ ನಮ್ಮ ಯಜಮಾನರಿಗೆ. ಹುಣಸೂರಿನ ಕಾಫಿ ಕ್ಯೂರಿಂಗ್‌ನಲ್ಲಿ ಅವರಿಗೆ ಕೆಲಸ. ದಿನವೆಲ್ಲ ಕಾಫಿಬೀಜದ ನಡುವೆ ಇದ್ದು, ಮನೆಗೆ ಬಂದು ಲೋಟಕ್ಕೆ ಮೂರು ಚಮಚ ಸಕ್ಕರೆ ಹಾಕಿಸಿಕೊಳ್ಳುವ ಮಹಾನುಭಾವರು. ಅಂಥವರ ನಾಲಿಗೆಯನ್ನು ಯಾರು ನಂಬುತ್ತಾರೆ?

ನನ್ನ ನಾಲಿಗೆಗೆ ಒಗರೇ ಬೇಕು. ಗಾವಡಗೆರೆ ಹತ್ತಿರದ ನಮ್ಮೂರಿನಲ್ಲಿ ಅರೆಮಾಗಿದ ನೇರಳೆಹಣ್ಣು, ಎಳೆ ನೆಲ್ಲಿಕಾಯಿ, ಬಾಳೆಹೂವು ಅಂತ ಬಾಯಿ ಜುಮ್ಮೆನ್ನುವುದನ್ನೇ ಹುಡುಕಿಕೊಂಡು ಬೆಳೆದವಳು. ‘ಒಗರು ತಿಂದೂ ತಿಂದೂ ಈ ಕೂಸಿನ ಮಾತೂ ಒಗರಾಗದೆ’ ಅಂತ ಅವ್ವ ಬಯ್ಯುತ್ತಿದ್ದಳು. ಅದೂ ಸುಳ್ಳಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತಿದು. ಹುಣಸೂರಿನ ಹೈಸ್ಕೂಲಿನಲ್ಲಿ ನನ್ನ ಜೊತೆ ಕೊಡಗಿನವಳೊಬ್ಬಳು ಟೀಚರಾಗಿದ್ದಳು. ಒಂದು ಸಲ ರಜೆ ಮುಗಿಸಿ ಬರುವಾಗ ಅವಳ ತಾಯಿ ಮಾಡಿದ ವೈನು ತಂದುಕೊಟ್ಟಳು. ಬೆಂಗಳೂರು ಬ್ಲೂ ದ್ರಾಕ್ಷಿಗೆ ಗೋಧಿ, ಸಕ್ಕರೆ, ಚಕ್ಕೆ, ಲವಂಗ ಹಾಕಿ ಭರಣಿಯಲ್ಲಿ ಇಟ್ಟಿದ್ದಂತೆ. ಚೆನ್ನಾಗಿತ್ತು, ಇಲ್ಲ ಅನ್ನಬಾರದು. ಆದರೆ ಪಲಾವಿನ ಮಸಾಲೆಯೆಲ್ಲ ಸೇರಿಕೊಂಡು ದ್ರಾಕ್ಷಿಯ ಸುಳಿವೇ ಇರಲಿಲ್ಲ. ನಾನು ಹಾಗೇ ಹೇಳಿಬಿಟ್ಟೆ. ಅವಳು ನಕ್ಕು, ಮುಂದಿನ ಸಲ ಮೈಸೂರಿಗೆ ಹೋದಾಗ ಕ್ಯಾಬರ್ನೆ ಅನ್ನುವ ಕೆಂಪು ವೈನು ತಂದಳು, ನಂದಿಬೆಟ್ಟದ ಕಡೆಯ ತೋಟದ್ದು.

ಮೊದಲ ಗುಟುಕಿಗೇ ನಮ್ಮ ಯಜಮಾನರು ಮುಖ ಕಿವುಚಿಕೊಂಡು ಹಿತ್ತಲಿಗೆ ಓಡಿದರು. ನಾನು ಕಣ್ಣು ಮುಚ್ಚಿಕೊಂಡೆ. ಅಯ್ಯೋ ದೇವರೇ, ನಮ್ಮೂರ ನೇರಳೆ ಮರ ಬಾಯಲ್ಲಿ ಬಂದು ನಿಂತಿದೆ! ಅವತ್ತಿನಿಂದ ತಿಂಗಳಿಗೊಂದು ಬಾಟಲಿ, ಭಾನುವಾರ ಸಂಜೆ ಅರ್ಧ ಲೋಟ. ಹೆಂಗಸಾಗಿ ಇದೇನು ಚಟ ಅಂತ ಕೇಳುವವರು ಮೊದಲು ತಮ್ಮ ಮನೆಯ ಗಂಡಸರನ್ನು ಕೇಳಿ ಬರಲಿ.

ಕ್ಯಾಬರ್ನೆಗೆ ಸ್ವಲ್ಪ ಬಿಗುಮಾನ ಜಾಸ್ತಿ. ಹಸಿ ದೊಣ್ಣೆಮೆಣಸಿನಕಾಯಿ ಮುರಿದಂಥ ವಾಸನೆ, ಕುಡಿದು ಎಷ್ಟು ಹೊತ್ತಾದರೂ ನಾಲಿಗೆಯನ್ನು ಬಿಡುವುದಿಲ್ಲ. ನಾಸಿಕ್ ಕಡೆಯ ಜಿನ್‌ಫ್ಯಾಂಡಲ್ ಬಾಯ್ತುಂಬ ಹಣ್ಣು, ಬ್ರೆಡ್ಡಿಗೆ ಹಚ್ಚಿ ಮಕ್ಕಳಿಗೆ ಕೊಡಬಹುದು ಅನ್ನಿಸುತ್ತದೆ. ಆದರೆ ನಾನು ಮನಸ್ಸು ಕೊಟ್ಟಿದ್ದು ಶಿರಾಜಿಗೆ. ಮೊದಲು ನೇರಳೆಯ ಒಗರು, ಅದರ ಹಿಂದೆಯೇ ಗಂಟಲಲ್ಲಿ ಕಾಳುಮೆಣಸು.

‘ಇದ್ರಲ್ಲಿ ಮೆಣಸಿದೆ ಕಣ್ರೀ’ ಅಂದರೆ ನಮ್ಮ ಯಜಮಾನರು, ‘ನಿನ್ ತಲೇಲಿದೆ ಮೆಣಸು. ದ್ರಾಕ್ಷಿ ಬಳ್ಳೀಲಿ ಮೆಣಸು ಬಿಡ್ತದಾ?’ ಅನ್ನುವರು. ಎರಡು ತಿಂಗಳು ಮನೆಯಲ್ಲಿ ಇದೇ ಜಗಳ.

ಇನ್ನು ಅಪ್ಪನ ವಿಷಯ. ಅಪ್ಪ ಹೊಗೆಸೊಪ್ಪಿನ ಮನುಷ್ಯ. ಬ್ಯಾರನ್‌ನಲ್ಲಿ, ಅಂದರೆ ಸೊಪ್ಪು ಹದ ಮಾಡುವ ಬಿಸಿಮನೆಯಲ್ಲಿ, ಬೇಯಿಸಿದ ಎಲೆಯನ್ನು ಅಂಗೈಯಲ್ಲಿ ಉಜ್ಜಿ, ಮೂಗಿಗೆ ಹಿಡಿದು, ಇದು ಒಂದನೇ ನಂಬರು, ಇದು ಮೂರನೇದು ಅಂತ ಬೇರೆ ಮಾಡುತ್ತಿದ್ದ. ಹರಾಜಿಗೆ ಹೊರಡುವ ಮುಂಚೆ ಅಕ್ಕಪಕ್ಕದ ಊರಿನವರೂ ಬಂದು ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ಆ ಮೂಗು ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ.

ಅಪ್ಪನ ಅಪ್ಪ ಸಾರಾಯಿ ಕುಡಿದು ಬಂದು ಹೆಂಡತಿ ಮಕ್ಕಳನ್ನು ಬಡಿಯುತ್ತಿದ್ದವನು. ಅದನ್ನು ಕಂಡು ಬೆಳೆದ ಅಪ್ಪ, ಕುಡಿಯುವ ಸಾಮಾನು ಇರುವ ಮನೆಯಲ್ಲಿ ನೀರೂ ಮುಟ್ಟುವುದಿಲ್ಲ ಅಂತ ಆಣೆ ಮಾಡಿದ್ದ. ಹೊಸ ಅಗ್ರಹಾರದ ಸ್ವಂತ ಅಕ್ಕನ ಮನೆಯಲ್ಲಿ ಭಾವನ ಬಾಟಲಿ ಕಂಡು, ಬಡಿಸಿದ ಎಲೆಯ ಮುಂದಿನಿಂದ ಎದ್ದು ಬಂದವನು ಮತ್ತೆ ಆ ಹೊಸಿಲು ತುಳಿಯಲೇ ಇಲ್ಲ. ಅಂಥ ಅಪ್ಪ ಪ್ರತಿ ಭಾನುವಾರ ಬಸ್ಸು ಹತ್ತಿ ಬಂದು ನನ್ನ ಕೈಯಿಂದ ಮುದ್ದೆ, ಉಪ್ಸಾರು ಉಂಡು ಹೋಗುತ್ತಿದ್ದ. ಆ ಊಟವೇ ನನಗೆ ವಾರದ ಹಬ್ಬ. ಹಾಗಾಗಿ ಶಿರಾಜು ಯಾವಾಗಲೂ ರಾಗಿಹಿಟ್ಟಿನ ಡಬ್ಬದ ಹಿಂದೆ ಅಡಗಿ ಕೂತಿರುತ್ತಿತ್ತು.

ಒಂದು ಭಾನುವಾರ ಅಪ್ಪ ಊರಿಂದ ಹೊಸ ಹಿಟ್ಟು ತಂದ. ನಾನು ಒಲೆಯ ಮುಂದೆ ಇದ್ದೆ. ತಾನೇ ಡಬ್ಬಕ್ಕೆ ಸುರಿದುಬಿಡೋಣ ಅಂತ ಒಳಗೆ ಹೋದವನು ಬಾಟಲಿಯ ಕತ್ತು ಹಿಡಿದುಕೊಂಡು ಹೊರಗೆ ಬಂದ.

‘ಏನವ್ವ ಇದು?’

ನಾನು ಬಾಯಿ ತೆರೆಯುವ ಮುಂಚೆ ನಮ್ಮ ಯಜಮಾನರು, ‘ದ್ರಾಕ್ಷಾರಿಷ್ಟ ಮಾವ, ಡಾಕ್ಟ್ರು ಬರ್ಕೊಟ್ಟಿದ್ದು’ ಅಂದುಬಿಟ್ಟರು. ಆ ಸುಳ್ಳು ಕೇಳಿ ನನಗೆ ಮೈಯೆಲ್ಲ ಉರಿಯಿತು. ಬಚ್ಚಿಟ್ಟಿದ್ದು ಸಾಲದು ಅಂತ ಇದೊಂದು ಬೇರೆ.

‘ಅರಿಷ್ಟ ಅಲ್ಲ ಅಪ್ಪ, ವೈನು. ಅವ್ರುದಲ್ಲ, ನಂದು. ವಾರಕ್ಕೆ ಅರ್ಧ ಲೋಟ ಕುಡೀತೀನಿ.’

ಅಪ್ಪ ಬಾಟಲಿಯನ್ನು ನೆಲದ ಮೇಲಿಟ್ಟ, ಟವೆಲ್ ಹೆಗಲಿಗೆ ಹಾಕಿಕೊಂಡ, ಚಪ್ಪಲಿ ಮೆಟ್ಟಿದ. ನನಗೆ ಅಳು ಬಂತು, ಅಳುವಿಗಿಂತ ಮುಂಚೆ ಸಿಟ್ಟು ಬಂತು. ಹಾಳಾಗಿ ಹೋಗಲಿ, ಅಪ್ಪನ ಊಟಕ್ಕಿಂತ ಇದು ಹೆಚ್ಚೇ ಅಂತ ಬಾಟಲಿ ಎತ್ತಿಕೊಂಡು ಅಂಗಳಕ್ಕೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬುಳುಬುಳು ಸುರಿದೆ. ಬಿಸಿಲಿಗೆ ಕಾದ ಕಲ್ಲು. ವಾಸನೆ ಘಮ್ಮೆಂದು ಅಂಗಳವನ್ನೆಲ್ಲ ತುಂಬಿತು.

ಗೇಟಿನ ಹತ್ತಿರ ಹೋಗಿದ್ದ ಅಪ್ಪ ನಿಂತ.

‘ತಡಿ. ಸುರೀಬ್ಯಾಡ.’

ತಿರುಗಿ ಬಂದ. ಮೂಗಿನ ಹೊಳ್ಳೆ ಅರಳಿದ್ದವು. ‘ಇದ್ಕೆ ಮೆಣಸು ಯಾಕವ್ವ ಆಕಿದ್ದೀಯೆ?’

ನಾನು ನಮ್ಮ ಯಜಮಾನರ ಮುಖ ನೋಡಿದೆ. ಅವರು ಕರಿಬೇವಿನ ಗಿಡ ನೋಡತೊಡಗಿದರು.

‘ನಾನೇನೂ ಹಾಕಿಲ್ಲ ಅಪ್ಪ. ಬರೀ ದ್ರಾಕ್ಷಿ.’

‘ಸುಳ್ಳಾಡಬ್ಯಾಡ. ಮೆಣಸದೆ ಇದ್ರಲ್ಲಿ.’

ಅಂಗೈ ಚಾಚಿದ. ಬಾಟಲಿಯಲ್ಲಿ ಉಳಿದಿದ್ದನ್ನು ಒಂದು ತೊಟ್ಟು ಹಾಕಿದೆ. ಹೊಗೆಸೊಪ್ಪು ಉಜ್ಜುವ ಹಾಗೇ ಎರಡೂ ಅಂಗೈ ಉಜ್ಜಿ, ಮುಖಕ್ಕೆ ಹಿಡಿದು, ಕಣ್ಣು ಮುಚ್ಚಿದ.

‘ಮೆಣಸು... ಆಮ್ಯಾಕೆ ನೇರಳೆಅಣ್ಣು... ಬ್ಯಾರನ್ ಬಾಗ್ಲು ತಗ್ದಾಗ ಬತ್ತದಲ್ಲ, ಅಂಗೆ ವಸಿ ಹೊಗೆ.’ ಮತ್ತೆ ಮೂಸಿದ, ಏನನ್ನೋ ಹುಡುಕುವ ಹಾಗೆ. ತುಂಬಾ ಹೊತ್ತು ಹುಡುಕಿದ. ಆಮೇಲೆ ಕಣ್ಣು ಬಿಟ್ಟ.

‘ನಮ್ಮಪ್ಪನ ಬಾಯಿ ವಾಸ್ನೆ ಇದ್ರಲ್ಲಿ ಇಲ್ಲ ಕಣವ್ವ’ ಅಂದ.

ನಮ್ಮ ಯಜಮಾನರು ಮೆಲ್ಲಗೆ, ‘ಒಂದು ಗುಟುಕು ನೋಡ್ತೀರಾ ಮಾವ?’ ಅಂದರು.

‘ಥೂ, ಸುಮ್ಕಿರಿ ನೀವು! ನನ್ ಬಾಯಿಗೆ ಬ್ಯಾಡ’ ಅಂತ ಗದರಿದ ಅಪ್ಪ, ನನ್ನ ಕಡೆ ತಿರುಗಿ ಬೆರಳೆತ್ತಿದ. ‘ಅರ್ಧ ಲೋಟ ಅಂದ್ರೆ ಅರ್ಧ ಲೋಟ.’

‘ಹೂಂ ಅಪ್ಪ.’

ಚಪ್ಪಲಿ ಬಿಟ್ಟು, ಕೈ ತೊಳೆದುಕೊಂಡು, ಒಳಗೆ ಬಂದು ತನ್ನ ಜಾಗದಲ್ಲಿ ಕೂತ.

‘ಬಸ್ಸಿನ ಧೂಳು, ಗಂಟ್ಲು ಒಣಗೋಗದೆ. ಒಂದ್ ಚೊಂಬು ನೀರು ತತ್ತಾ.’