ಒಂಟಿಕಾಲಿನ ಕೊಡೆ

ಅನ್ನ ತಳ ಹಿಡಿಯುವ ಮೊದಲು ಒಂದು ವಾಸನೆ ಬರುತ್ತದೆ. ಸುಟ್ಟ ವಾಸನೆಯಲ್ಲ, ಅದಕ್ಕಿಂತ ತುಸು ಮುಂಚಿನದು. ಹುರಿದ ಕಡಲೆಯ ಹಾಗೆ, ಬಿಸಿಲಿಗೆ ಕಾದ ಚಾಪೆಯ ಹಾಗೆ. ಹಮಾಮತ್ಸುವಿನಲ್ಲಿ ನಾನು ಅಡುಗೆ ಮಾಡುವ ಹೋಟೆಲಿನಲ್ಲಿ ಅನ್ನ ಮಾಡುವುದು ಯಂತ್ರ. ಬೆಂದ ಮೇಲೆ ಅದು ಒಂದು ಹಾಡು ಹೇಳಿ ತಾನೇ ಆರಿಕೊಳ್ಳುತ್ತದೆ. ಅದರ ಅನ್ನ ಎಂದೂ ತಳ ಹಿಡಿದದ್ದಿಲ್ಲ. ಕಳೆದ ವಸಂತದಲ್ಲಿ ಯಂತ್ರ ಕೆಟ್ಟ ದಿನ ಅಪ್ಪಯ್ಯನ ಕಾಲದ ದಪ್ಪ ತಳದ ಪಾತ್ರೆಯನ್ನು ಒಲೆಗಿಟ್ಟು ಈರುಳ್ಳಿ ಹೆಚ್ಚಲು ಕೂತೆ. ಸ್ವಲ್ಪ ಹೊತ್ತಿಗೆ ಆ ವಾಸನೆ ಬಂತು. ಕೈಯಲ್ಲಿದ್ದ ಚಾಕು ಹಾಗೇ ನಿಂತಿತು. ಒಸಾಕಾದ ನಮ್ಮ ಎರಡು ಕೋಣೆಯ ಮನೆ, ಅಪ್ಪಯ್ಯ, ಅಮ್ಮ, ತಂಗಿ ಲಿಗಾಯ, ಎಲ್ಲರೂ ಒಟ್ಟಿಗೆ ಬಂದು ಊಟಕ್ಕೆ ಕೂತ ಹಾಗಾಯಿತು. ನಿಮಗೂ ಇಂಥದೊಂದು ಮನೆ ಇದ್ದೀತು. ಈಗ ಅದು ಯಾವ ವಾಸನೆಯೊಳಗೆ ಅಡಗಿದೆಯೋ ನಿಮಗೇ ಗೊತ್ತು.

ಅಪ್ಪಯ್ಯ ಕುಂದಾಪುರದ ಕಡೆಯವರು. ಹಡಗಿನಲ್ಲಿ ಅಡುಗೆ ಮಾಡುತ್ತ ಬಂದು, ಒಸಾಕಾದಲ್ಲಿ ಇಳಿದು, ಅಲ್ಲಿಯ ಒಂದು ಇಂಡಿಯನ್ ಹೋಟೆಲಿನ ಅಡುಗೆಮನೆ ಸೇರಿಕೊಂಡವರು. ಅಮ್ಮ ಫಿಲಿಪ್ಪೀನ್ಸಿನವಳು. ಅವಳ ಕಡೆ ಅಮ್ಮನಿಗೆ ನಾನಾಯ್, ಅಣ್ಣನಿಗೆ ಕುಯಾ ಎನ್ನುತ್ತಾರೆ. ನಮ್ಮ ಮನೆಯಲ್ಲೂ ಹಾಗೇ. ಅಪ್ಪಯ್ಯ ಎಂಬ ಮಾತನ್ನು ಮಾತ್ರ ಅಪ್ಪಯ್ಯ ಯಾರಿಗೂ ಬಿಟ್ಟುಕೊಡಲಿಲ್ಲ. ನನಗೆ ಕನ್ನಡದ ಅಕ್ಷರ ಕಲಿಸಿದ್ದೂ ಅವರೇ. ಸಾರು ಕುದಿಯುವಾಗ ಕಿಟಕಿಯ ಗಾಜಿಗೆ ಆವಿ ಕಟ್ಟುತ್ತಿತ್ತು. ಅದರ ಮೇಲೆ ಬೆರಳಿನಿಂದ ಬರೆಸುತ್ತಿದ್ದರು. ತಿದ್ದಿ ಮುಗಿಯುವಷ್ಟರಲ್ಲಿ ಅಕ್ಷರಗಳಿಗೆಲ್ಲ ನೀರಿಳಿದು ಬಾಲ ಬರುತ್ತಿತ್ತು. ಮನೆಯ ಹಿಂದೆ ರೈಲು ಹೋದಾಗ ತಟ್ಟೆಗಳು ಒಂದನ್ನೊಂದು ತಟ್ಟುತ್ತಿದ್ದವು. ಮನೆಯ ಕೆಳಗೆ ಹಾಯಾಶಿ ಸಾನ್ ಎಂಬ ಮುದುಕನ ಕೊಡೆ ರಿಪೇರಿ ಅಂಗಡಿ. ಅವನು ಕೊಡೆಗಳನ್ನು ಬಾವಲಿಗಳ ಹಾಗೆ ತಲೆಕೆಳಗು ತೂಗುಹಾಕುತ್ತಿದ್ದ. ಶಾಲೆಯಿಂದ ಬಂದ ಲಿಗಾಯ ಮೊದಲು ಆ ಕೊಡೆಗಳಿಗೆಲ್ಲ ಬಗ್ಗಿ ನಮಸ್ಕರಿಸಿ, ಆಮೇಲೆ ಮೆಟ್ಟಿಲು ಹತ್ತುತ್ತಿದ್ದಳು.

ರಾತ್ರಿಯ ಊಟಕ್ಕೆ ನಮ್ಮಲ್ಲಿ ಒಂದು ಕಟ್ಟಳೆ ಇತ್ತು. ಪಾತ್ರೆಯ ತಳಕ್ಕೆ ಅಂಟಿದ ಹೊಂಬಣ್ಣದ ಗರಿಗರಿ ಅನ್ನವನ್ನು ಅಪ್ಪಯ್ಯ ಸೀಕಲು ಎನ್ನುತ್ತಿದ್ದರು. ನಾನಾಯ್‌ಗೆ ಅವಳ ಊರಿನ ಒಂದು ಹೆಸರು, ಹಾಯಾಶಿ ಸಾನ್‌ಗೆ ಜಪಾನಿನ ಇನ್ನೊಂದು ಹೆಸರು. ಮೂರು ದೇಶದವರಿಗೂ ಅದರ ಮೇಲೆ ಒಂದೇ ಆಸೆ. ಅದು ನಾಲ್ಕು ಜನಕ್ಕೆ ಸಾಲುವಷ್ಟು ಇರುತ್ತಿರಲಿಲ್ಲ. ಅದಕ್ಕೇ ಆ ದಿನ ಯಾರು ಒಳ್ಳೆಯ ಕಥೆ ಹೇಳುತ್ತಾರೋ ಅವರಿಗೆ ಸೀಕಲು, ತೀರ್ಪು ನಾನಾಯ್‌ಳದ್ದು. ಅಪ್ಪಯ್ಯ ಹಡಗಿನ ಕಥೆ ಹೇಳುತ್ತಿದ್ದರು, ಒಂದೊಂದು ಸಲಕ್ಕೂ ತಿಮಿಂಗಿಲ ದೊಡ್ಡದಾಗುತ್ತಿತ್ತು. "ನಿನ್ನೆ ಇಷ್ಟು ಇತ್ತು, ಇವತ್ತು ಮನೆ ಒಳಗೆ ಹಿಡಿಯೋದಿಲ್ಲ, ಬೇಡ," ಎಂದು ನಾನಾಯ್ ತನ್ನ ಮುರುಕು ಕನ್ನಡದಲ್ಲಿ ತಳ್ಳಿಹಾಕುತ್ತಿದ್ದಳು. ಸೀಕಲು ಹೆಚ್ಚಾಗಿ ಲಿಗಾಯಳ ಪಾಲಿಗೆ ಹೋಗುತ್ತಿತ್ತು. ನನಗೆ ಒಮ್ಮೆಯೂ ಸಿಕ್ಕಿರಲಿಲ್ಲ. ನನಗೆ ಕಥೆ ಹುಟ್ಟುತ್ತಿರಲಿಲ್ಲ. ಶಾಲೆಯ ಪಾಠವೂ ಹತ್ತುತ್ತಿರಲಿಲ್ಲ.

ಒಂದು ಮಳೆಗಾಲದ ಮಧ್ಯಾಹ್ನ ಬಟ್ಟೆ ಒಣಗಿಸುವ ಮಾಡಿನ ಕೆಳಗೆ ಕೂತು ಲಿಗಾಯ ನನಗೆ ಒಂದು ಕಥೆ ಹೇಳಿದಳು. ಅವಳಿಗಾಗ ಏಳು, ನನಗೆ ಹತ್ತು. ರಿಪೇರಿಗೆ ಬಂದ ಒಂದು ಕೊಡೆಯನ್ನು ಒಯ್ಯಲು ಅದರ ಯಜಮಾನ ಬರುವುದೇ ಇಲ್ಲ. ಮಿಕ್ಕ ಕೊಡೆಗಳೆಲ್ಲ ಮನೆಗೆ ಹೋದವು, ಇದೊಂದೇ ಉಳಿಯಿತು. ಬಿಸಿಲಿದ್ದಾಗ ಆ ಮನುಷ್ಯನಿಗೆ ಕೊಡೆಯ ನೆನಪೇ ಇಲ್ಲ. ಮಳೆ ಬಂದಾಗ ನೆನಪಾಗುತ್ತದೆ, ಆದರೆ ಕೊಡೆ ಇಲ್ಲದೆ ಅಂಗಡಿಗೆ ಬರುವುದು ಹೇಗೆ? ಹೀಗೇ ಕಾದು ಕಾದು ಕೊನೆಗೆ ಕೊಡೆಯೇ ಒಂದು ದಿನ ಕೊಕ್ಕೆಯಿಂದ ಇಳಿದು, ಮಳೆಯಲ್ಲಿ ಅವನನ್ನು ಹುಡುಕಿಕೊಂಡು ಹೊರಟಿತು. ಅವನು ಬಾಗಿಲ ಹೊಸ್ತಿಲಲ್ಲಿ ನಿಂತು ಮಳೆ ನೋಡುತ್ತಿದ್ದ. ಕೊಡೆ ಹೋಗಿ ಅವನ ತಲೆಯ ಮೇಲೆ ಬಿಚ್ಚಿಕೊಂಡಿತು. "ರಾತ್ರಿ ಹೇಳ್ತೆ ಇದನ್ನ," ಎಂದಳು.

ಆ ರಾತ್ರಿ ಅವಳು ಸ್ನಾನ ಮುಗಿಸಿ ಬರುವುದು ತಡವಾಯಿತು. ಅಪ್ಪಯ್ಯ ಆಗಲೇ ಪಾತ್ರೆ ಕೆರೆಯುತ್ತಿದ್ದರು, ಆ ಸದ್ದಿಗೆ ನನ್ನ ಬಾಯಲ್ಲಿ ನೀರೂರಿತು. "ನಾನೊಂದು ಹೇಳ್ತೆ," ಎಂದು ಕೊಡೆಯ ಕಥೆ ಶುರುಮಾಡಿಬಿಟ್ಟೆ. ಲಿಗಾಯ ಒದ್ದೆ ತಲೆಯಲ್ಲಿ ಬಂದು ಕೂತಾಗ ಕೊಡೆ ಕೊಕ್ಕೆಯಿಂದ ಇಳಿಯುತ್ತಿತ್ತು. ನಾನು ಅವಳ ಮುಖ ನೋಡಲಿಲ್ಲ, ನಿಲ್ಲಿಸಲೂ ಇಲ್ಲ. ಮುಗಿದಾಗ ನಾನಾಯ್ ನಗುತ್ತ ನಗುತ್ತಲೇ ಕಣ್ಣು ಒರೆಸಿಕೊಂಡಳು. ಅಪ್ಪಯ್ಯ ಇಡೀ ಸೀಕಲನ್ನು ಮುರಿಯದೆ ನನ್ನ ತಟ್ಟೆಗೆ ಹಾಕಿದರು. ಆಗ ಲಿಗಾಯ ಮೆಲ್ಲಗೆ ಹೇಳಿದಳು: "ಚಂದ ಇತ್ತ್ ಕುಯಾ. ಆರೆ ಕೊಡೆಗೆ ಒಂದೇ ಕಾಲ್ ಅಲ್ದಾ? ಅದ್ ಹಾರ್ಕಂಡ್ ಹಾರ್ಕಂಡ್ ಹೋಯ್ತ್. ಅದನ್ನ ನೀ ಹೇಳ್ಲೇ ಇಲ್ಲ." ಅಷ್ಟೇ. ಅದು ತನ್ನ ಕಥೆ ಎನ್ನಲಿಲ್ಲ, ಅಳಲಿಲ್ಲ. ಅಪ್ಪಯ್ಯ ತೊಡೆ ತಟ್ಟಿ ನಕ್ಕರು. "ಹ್ವಾಯ್, ಕಂಡ್ಯಾ? ಕಥಿ ಇವಂದ್, ಒಗ್ಗರ್ಣಿ ಇವ್ಳದ್ದ್." ಸೀಕಲು ತುಂಬ ರುಚಿಯಾಗಿತ್ತು. ಅದನ್ನೂ ಹೇಳಬೇಕು, ಇಲ್ಲದಿದ್ದರೆ ಇದು ಪೂರ್ತಿ ತಪ್ಪೊಪ್ಪಿಗೆಯಾಗುವುದಿಲ್ಲ.

ಮಾರನೆಯ ದಿನ ನಿಜ ಹೇಳಬಹುದಿತ್ತು. ಆದರೆ ಅಪ್ಪಯ್ಯ ಬೆಳಿಗ್ಗೆಯೇ ಹಾಯಾಶಿ ಸಾನ್‌ಗೆ, ಹೋಟೆಲಿನವರಿಗೆ, ತರಕಾರಿಯವನಿಗೆ, ತಮ್ಮ ಮಗ ಕಥೆ ಕಟ್ಟುತ್ತಾನೆಂದು ಹೇಳಿಯಾಗಿತ್ತು. ಮುಂದೆ ನಾನು ಶಾಲೆ ಬಿಟ್ಟು ಅವರ ಜೊತೆ ಅಡುಗೆಮನೆ ಸೇರಿದಾಗಲೂ ಅವರು ಬೇಸರ ತೋರಿಸಲಿಲ್ಲ. "ಅವ್ನ ತಲಿಯೊಳ್ಗೆ ಕಥಿ ಇತ್ತ್, ಪಾಠಕ್ಕೆ ಜಾಗ ಎಲ್ಲಿತ್ತ್?" ಎಂದು ನಕ್ಕುಬಿಟ್ಟರು. ಹೆಮ್ಮೆಪಡಲು ನಾನು ಅವರಿಗೆ ಕೊಟ್ಟದ್ದು ಅದೊಂದೇ. ಅದನ್ನೂ ಹೇಗೆ ಕಸಿದುಕೊಳ್ಳಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಪ್ಪಯ್ಯ ಹಾಗೇ ನಂಬಿ ಹೋದರು. ಆಮೇಲೆ ನಾನಾಯ್‌ಳೂ.

ಅದಕ್ಕೆಲ್ಲ ಬಹಳ ಮೊದಲೇ, ಅಜ್ಜಿಗೆ ಕಾಯಿಲೆಯೆಂದು ನಾನಾಯ್ ತನ್ನ ಊರಿಗೆ ಹೊರಟಾಗ ಲಿಗಾಯಳನ್ನೂ ಕರೆದುಕೊಂಡು ಹೋಗಿದ್ದಳು. ಲಿಗಾಯ ಅಲ್ಲೇ ಉಳಿದು ಓದಿದಳು, ಮನಿಲಾದಲ್ಲಿ ರೇಡಿಯೊಗೆ ಧಾರಾವಾಹಿ ಬರೆದಳು, ಆಮೇಲೆ ಸಿನಿಮಾಕ್ಕೆ, ಆಮೇಲೆ ಕಾದಂಬರಿ. ಆ ದೇಶದಲ್ಲಿ ಅವಳ ಹೆಸರು ಹೇಳಿದರೆ ಟ್ಯಾಕ್ಸಿಯವರು ಹಿಂದೆ ತಿರುಗಿ ನೋಡುತ್ತಾರೆ. ಅಷ್ಟಾದರೂ ಒಂದು ದೃಶ್ಯ ಬರೆಯುವ ಮೊದಲು ನನಗೆ ಫೋನು ಮಾಡಿ ಬಾಯಲ್ಲಿ ಹೇಳುತ್ತಿದ್ದಳು. ನಾನು ಫೋನನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡು ಹಿಟ್ಟು ನಾದುತ್ತಿದ್ದೆ.

"ಗಂಡ ಬಿಟ್ಟುಹೋದ, ಬಾಗಿಲು ಹಾಕಿಕೊಂಡಿತು. ಈಗ ಅವಳು ಎಂತ ಮಾಡ್ತಾಳೆ ಕುಯಾ?"

"ಹೊತ್ತೆಷ್ಟು?"

"ರಾತ್ರಿ ಎಂಟು ಅಂತ ಇಟ್ಕೊ."

"ಹಸಿವಾಗಿರ್ತದಲ್ಲ. ಉಣ್ತಾಳೆ."

ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಆಮೇಲೆ ಸಿನಿಮಾ ನೋಡಿದರೆ ಆ ಹೆಂಗಸು ನಿಜವಾಗಿಯೂ ಉಣ್ಣುತ್ತಿರುತ್ತಾಳೆ, ಇಡೀ ಟಾಕೀಸು ಅಳುತ್ತಿರುತ್ತದೆ. ಅವಳ ಎಲ್ಲ ಸಿನಿಮಾಗಳಲ್ಲೂ ಎಲ್ಲೋ ಒಂದು ಕಡೆ, ಮಾತಿನಲ್ಲಿ ಮೈಮರೆತವರ ಹಿಂದೆ, ಅನ್ನ ತಳ ಹಿಡಿಯುತ್ತದೆ. ಅದಕ್ಕೆ ಓದಿದವರು ಏನೇನೋ ಅರ್ಥ ಬರೆದಿದ್ದಾರಂತೆ. ನಾನು ಕತ್ತಲಲ್ಲಿ ಕೂತು ಅದು ಬರುವುದನ್ನೇ ಕಾಯುತ್ತಿದ್ದೆ. ಬಂದಾಗ, ಮನೆಯಿಂದ ಯಾರೋ ಕೂಗಿ ಕರೆದಷ್ಟು ಖುಷಿ.

ಕೊಡೆಯ ಕಥೆಯನ್ನೂ ಅವಳು ದೊಡ್ಡದು ಮಾಡಿ ಸಿನಿಮಾಕ್ಕೆ ಬರೆದಳು. ಮನಿಲಾದಲ್ಲಿ ಅದನ್ನು ಮೊದಲು ತೋರಿಸಿದ ದಿನ ನನ್ನನ್ನೂ ಕರೆಸಿದ್ದಳು. ಮುಗಿದ ಮೇಲೆ ವೇದಿಕೆ ಹತ್ತಿ, "ಕಥೆ ನನ್ನ ಅಣ್ಣನದು, ನಾನು ಒಗ್ಗರಣೆ ಹಾಕಿದೆ ಅಷ್ಟೇ," ಎಂದು ನನ್ನತ್ತ ಕೈ ತೋರಿಸಿದಳು. ಜನ ಎದ್ದು ಚಪ್ಪಾಳೆ ತಟ್ಟಿದರು. ನಾನು ಏನು ಮಾಡಿದೆ? ಜಪಾನಿನಲ್ಲಿ ಬೆಳೆದವನಲ್ಲವೇ, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದೆ. ಇಡೀ ಸೀಕಲನ್ನು ಎರಡನೆಯ ಸಲ ಒಬ್ಬನೇ ತಿಂದೆ.

ಲಿಗಾಯ ತೀರಿಕೊಂಡು ಎರಡು ವರ್ಷವಾಗುತ್ತ ಬಂತು. ನಮ್ಮ ಹೋಟೆಲಿಗೆ ಊಟಕ್ಕೆ ಬರುವ ಸುಹಾಸ್ ಇಲ್ಲಿಯ ಕಾರು ಕಂಪನಿಯ ಎಂಜಿನಿಯರು, ಬೆಂಗಳೂರಿನ ಹುಡುಗ. ಫುನಾಬೊರಿ ಎಂಬಲ್ಲಿಯ ಕನ್ನಡಿಗ ಗೆಳೆಯರ ಜೊತೆ ಸೇರಿ ಕನ್ನಡದಲ್ಲಿ ಒಂದು ವಾರ್ಷಿಕ ಸಂಚಿಕೆ ತರುತ್ತಾನೆ. "ಮಂಜಣ್ಣ, ನಿಮ್ ಸಿಸ್ಟರ್ ಬಗ್ಗೆ ಒಂದು ಆರ್ಟಿಕಲ್ ಬೇಕು. ಆ ಅಂಬ್ರೆಲಾ ಸ್ಟೋರಿ ನಿಮ್ದೇ ಅಂತೆ? ಅದನ್ನೇ ಬರೀರಿ, ಸೂಪರಾಗಿರತ್ತೆ," ಎಂದ. ನಾನು ಹೂಂ ಎಂದೆ. ಆದರೆ ಊರಿಗೆಲ್ಲ ಹೇಳುವ ಮೊದಲು ಅವಳ ಮಗಳಿಗೆ ಹೇಳಬೇಕು ಅನ್ನಿಸಿತು.

ಆ ಮಗಳು, ತಾಲಾ, ಹೋದ ತಿಂಗಳು ನನ್ನನ್ನು ನೋಡಲು ಬಂದಳು. ಅವಳಿಗೆ ಒಸಾಕಾದ ಮನೆ ತೋರಿಸಲು ಕರೆದುಕೊಂಡು ಹೋದೆ. ಮನೆಯೂ ಇಲ್ಲ, ಕೊಡೆ ಅಂಗಡಿಯೂ ಇಲ್ಲ. ಕಾಸು ಹಾಕಿ ಕಾರು ನಿಲ್ಲಿಸುವ ಜಾಗವಾಗಿದೆ. ತಾಲಾ ಆ ಬಿಳಿ ಗೆರೆಗಳ ನಡುವೆ ನಿಂತು ಒಮ್ಮೆ ಬಗ್ಗಿ ನಮಸ್ಕರಿಸಿದಳು. ಯಾರು ಹೇಳಿಕೊಟ್ಟಿದ್ದರೆಂದು ನಾನು ಕೇಳಲಿಲ್ಲ. ಹಮಾಮತ್ಸುವಿಗೆ ಮರಳಿದ ಮೇಲೆ ಅಪ್ಪಯ್ಯನ ಪಾತ್ರೆಯಲ್ಲಿ ಬೇಕೆಂದೇ ಅನ್ನ ತಳ ಹಿಡಿಸಿದೆ. ಸೀಕಲನ್ನು ಮುರಿಯದ ಹಾಗೆ ಎಬ್ಬಿಸಿ ಅವಳ ತಟ್ಟೆಗೆ ಹಾಕಿ, ನಾನಾಯ್‌ಳ ಊರಿನ ಟಗಲೋಗ್ ಭಾಷೆಯಲ್ಲಿ, ಹರಕುಹರಕಾಗಿ, ಎಲ್ಲ ಹೇಳಿದೆ. ಕಥೆ ನನ್ನದಲ್ಲ, ನಿನ್ನ ಅಮ್ಮನದು, ನಾನು ಕದ್ದದ್ದು ಎಂದೆ.

ತಾಲಾ ನಗಲು ಶುರುಮಾಡಿದಳು, ಥೇಟ್ ಅವಳಮ್ಮನ ಹಾಗೆ. "ಅಮ್ಮ ಮೊದಲೇ ಹೇಳಿದ್ದಳು ಮಾಮ. ನೀನು ಒಂದಲ್ಲ ಒಂದು ದಿನ ಹೀಗೆ ಹೇಳುತ್ತೀಯ, ನಂಬಬಾರದು ಅಂತ."

ಲಿಗಾಯ ಹೊರಗಿನಿಂದ ಬಾಗಿಲು ಹಾಕಿಕೊಂಡು ಹೋಗಿದ್ದಳು, ನಾನು ಆ ಸುಳ್ಳಿನೊಳಗೇ ಬೆಚ್ಚಗೆ ಇರಲೆಂದು. ಅದಕ್ಕೇ ಈಗ ಇದನ್ನು ಕನ್ನಡದಲ್ಲಿ, ಅಪ್ಪಯ್ಯನ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಓದಿದ ನೀವಾದರೂ ನಂಬಿ.

"ಹಾಗಾದರೆ ಅಮ್ಮನ ಕಥೆಯನ್ನು ಅಮ್ಮನ ಹಾಗೇ ಹೇಳು," ಎಂದಳು ತಾಲಾ.

ಹೇಳಿದೆ. ಕೊಡೆ ಕೊಕ್ಕೆಯಿಂದ ಇಳಿಯುವಲ್ಲಿಗೆ ಬಂದಾಗ ಎದ್ದು ನಿಂತು, ಮೇಜಿನ ಅಂಚು ಹಿಡಿದು, ಒಂದು ಕಾಲು ಮೇಲೆತ್ತಿದೆ. ಒಲೆಯಿಂದ ಬಾಗಿಲಿನವರೆಗೆ ಕುಪ್ಪಳಿಸುತ್ತ ಹೋದೆ. ಮಂಡಿ ನೋಯುತ್ತಿತ್ತು, ಪಾತ್ರೆಗಳು ರೈಲು ಬಂದ ಹಾಗೆ ಅಲುಗುತ್ತಿದ್ದವು. ನನ್ನ ಹಿಂದೆ, ಊಟದ ಮೇಜಿನಿಂದ, ಸೀಕಲು ಅಗಿಯುವ ಕುರುಕುರು ಸದ್ದು ಕೇಳುತ್ತಿತ್ತು.