ಬೆರಳ ಗೆಣ್ಣಿನ ಮೇಲಿನ ಕಲೆ

ಮಾನ್ವಿಯಲ್ಲಿ ನನ್ನದೊಂದು ರೊಟ್ಟಿ ಅಂಗಡಿ ಇದೆ. ಹೋದ ವರ್ಷ ತೋಳು ಮೇಲೆತ್ತಲು, ಕೂತಲ್ಲಿಂದ ಏಳಲು ಆಗದೆ ಅದನ್ನು ಮುಚ್ಚುವ ಹಂತಕ್ಕೆ ಬಂದೆ. ವಯಸ್ಸಾಯಿತು ಅಂದರು ಎಲ್ಲರೂ. ನಾನು ಒಪ್ಪದೆ ರಾಯಚೂರಿಗೆ, ಸ್ನಾಯುರೋಗದ ಡಾಕ್ಟರಮ್ಮನ ಬಳಿ ಹೋದೆ.

ಅವರು ತೋಳು ಬಿಟ್ಟು, ನನ್ನ ಬೆರಳ ಗೆಣ್ಣುಗಳ ಮೇಲಿನ ಕೆಂಪು ಕಲೆಗಳನ್ನೇ ನೋಡತೊಡಗಿದರು.

“ಹಂಚು ತಾಗಿ ಸುಟ್ಟಿದ್ದುರೀ ಅದು. ರೊಟ್ಟಿ ಮಾಡೋರಿಗೆಲ್ಲ ಇರ್ತದ,” ಅಂದೆ.

“ರೊಟ್ಟಿ ಯಾವ ಕೈಲೆ ತಿರುವಿ ಹಾಕ್ತೀರಿ?”

“ಬಲಗೈಲೆ.”

“ಮತ್ತ ಎಡಗೈ ಗೆಣ್ಣು ಹೆಂಗ ಸುಟ್ಟುವು?”

ನನಗೆ ಸಿಟ್ಟು ಬಂತು. “ನೀವು ಎಂದಾರ ರೊಟ್ಟಿ ಬಡದೀರೇನ್ರಿ?”

“ಇಲ್ಲವ್ವಾ, ನನಗ ಬರಂಗಿಲ್ಲ. ಆದ್ರ ಈ ಕಲೆ ಗೊತ್ತದ. ಚರ್ಮ, ಸ್ನಾಯು ಎರಡಕ್ಕೂ ಉರಿಯೂತ ಬರೋ ರೋಗ ಇದು. ನಿಮ್ಮ ತೋಳಿನ ಶಕ್ತಿ ಇದೇ ತಿನ್ನಾಕತ್ತದ.”

ರಕ್ತ ಪರೀಕ್ಷೆಯೂ ಅದನ್ನೇ ಹೇಳಿತು. ಅವರು ಕೊಟ್ಟ ಮಾತ್ರೆ ಒಂದು ದಿನವೂ ತಪ್ಪಿಸಲಿಲ್ಲ. ಆರು ತಿಂಗಳಿಗೆ, ಇನ್ನೂರು ರೊಟ್ಟಿ ಬಡಿದು ಯಾರ ಕೈಯನ್ನೂ ಹಿಡಿಯದೆ ನೆಲದಿಂದ ಎದ್ದು ನಿಂತೆ. ಅಂಗಡಿಯಲ್ಲಿದ್ದವರೆಲ್ಲ ನೋಡಲಿ ಎಂದು ಸ್ವಲ್ಪ ಹೊತ್ತು ನಿಂತೇ ಇದ್ದೆ.

ಮೊನ್ನೆ ತಪಾಸಣೆಗೆ ಹೋದಾಗ ಡಾಕ್ಟರಮ್ಮನಿಗೆ ರೊಟ್ಟಿ ಒಯ್ದಿದ್ದೆ. ಒಂದು ತುಂಡು ತಿಂದು, “ಅಂಚು ಒಂಚೂರು ದಪ್ಪ ಆಗ್ಯದ” ಅಂದರು. ಅಂಗಡಿಗೆ ಬಂದವಳೇ ಉಳಿದ ರೊಟ್ಟಿಗಳ ಅಂಚು ಮುಟ್ಟಿ ನೋಡಿದೆ. ದಪ್ಪವೇ ಇತ್ತು.