ಆ ಅರ್ಧ ಟಿಕೀಟು ತೆಗೆದವನು ನಾನು

ಆ ಅರ್ಧ ಟಿಕೀಟು ತೆಗೆದವನು ಹುಸೇನಸಾಬ ಅಲ್ಲ. ನಾನು. ತಪ್ಪಾಗಿದೆ ಅಂತ ಗೊತ್ತಾದ ಮೇಲೆ ಅದನ್ನು ಅವನ ಕೈಗೆ ಇಟ್ಟವನೂ ನಾನೇ. ನರಗುಂದದ ಪ್ಯಾಟಿಯಲ್ಲಿ ಇಷ್ಟು ವರ್ಷ ಜನ ನಕ್ಕದ್ದು ಒಂದು ಸುಳ್ಳಿಗೆ. ಆ ಸುಳ್ಳು ಹುಟ್ಟಿದ್ದು ನನ್ನ ಬಾಯಲ್ಲಿ.

ಇದನ್ನು ಬರೆಯಲು ನಾಲ್ಕು ಸಲ ಕೂತು ಎದ್ದಿದ್ದೇನೆ. ಆರನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು, ಪೆನ್ನು ಹಿಡಿದದ್ದಕ್ಕಿಂತ ನಟ್ಟು ಬಿಚ್ಚುವ ಪಾನಾ ಹಿಡಿದದ್ದೇ ಹೆಚ್ಚು. ಆದರೆ ಎದ್ದದ್ದು ಅದಕ್ಕಲ್ಲ.

ಹುಸೇನಸಾಬ ಯಾರು ಅಂತ ಮೊದಲು ಹೇಳಬೇಕು. ನರಗುಂದದ ನಮ್ಮ ಬ್ಯಾಳಿ ಗಿರಣಿಯ ಹಿರಿಯ ಮಿಸ್ತ್ರಿ. ಊರು ಗಜೇಂದ್ರಗಡದ ಹತ್ತಿರ ರಾಜೂರ. ಸಾಲಿ ಬಿಟ್ಟು ನಾನು ಗಿರಣಿ ಬಾಗಿಲಿಗೆ ಬಂದು ನಿಂತಾಗ ಒಳಗೆ ಕರೆದು ಕಸುಬು ಕಲಿಸಿದವನು ಅವನೇ. ಕಾಕಾ ಅಂತಿದ್ದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ನಡೆಯುವ ಯಂತ್ರಕ್ಕೆ ಆನಿಸಿ, ಹಿಡಿಕೆಯನ್ನು ಕಿವಿಗೆ ಹಚ್ಚಿ, ಒಳಗೆ ಯಾವ ಬೇರಿಂಗು ಸವೆದಿದೆ ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದ. ಮಷೀನು ಎಲ್ಲಾ ಬಾಯಿಬಿಟ್ಟು ಹೇಳತೈತಿ, ಕೇಳೂ ಪುರುಸೊತ್ತು ನಮಗಿರಬೇಕು ಅನ್ನುತ್ತಿದ್ದ. ನಾನು ಲಗೂ ಕಲಿತೆ. ಕಲಿತದ್ದು ತಲೆಗೂ ಏರಿತು. ಈರಣ್ಣನ ಕೈಗೆ ಬಗ್ಗದ ಮಷೀನು ಇನ್ನೂ ಹುಟ್ಟಿಲ್ಲ ಅಂತ ನಾನೇ ಹೇಳಿಕೊಂಡು ತಿರುಗಿದೆ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷ ಆಗಿದ್ದವು. ಗಿರಣಿಯ ಸಾವಕಾರರು ಜರ್ಮನಿಯಿಂದ ಕಡ್ಲಿ ಆರಿಸುವ ಯಂತ್ರ ತರಿಸಿದರು. ಒಂದೊಂದು ಕಾಳನ್ನೂ ನೋಡಿ, ಕರಿಕಾಳು ಬಂದರೆ ಟಕ್ ಅಂತ ಗಾಳಿ ಊದಿ ಆಚೆ ತಳ್ಳುವ ಯಂತ್ರ. ಅದನ್ನು ನಡೆಸಲು ಕಲಿತು ಬರ್ರಿ ಅಂತ ನಮ್ಮಿಬ್ಬರನ್ನೂ ಹತ್ತು ದಿನಕ್ಕೆ ಅಲ್ಲಿಗೆ ಕಳಿಸಿದರು. ತಿರುಗಿ ಬಂದ ಮೇಲೆ ಒಬ್ಬನ ಕೈಗೆ ಅದರ ಉಸ್ತುವಾರಿ. ಹಿರಿತನದಿಂದ ಅದು ಕಾಕಾನಿಗೇ ಸಲ್ಲಬೇಕಾದದ್ದು — ನನಗೂ ಗೊತ್ತಿತ್ತು.

ಹತ್ತು ದಿನ ಹಿಂದಿ ಬಲ್ಲ ಒಬ್ಬ ನಮ್ಮ ಜೊತೆಗಿದ್ದ. ಕಡೆಯ ದಿನ ಅವನು ರೈಲು ಸ್ಟೇಷನ್ನಿನ ಮುಂದೆ ನಮ್ಮನ್ನು ಇಳಿಸಿ, ಒಳಗೆ ಯಂತ್ರದಲ್ಲಿ ಟಿಕೀಟು ತೆಗೆದು ವಿಮಾನ ನಿಲ್ದಾಣಕ್ಕೆ ಹೋಗಿ ಅಂತ ಹೇಳಿ ಕಾರು ತಿರುಗಿಸಿದ. ಆ ಊರಿನ ಹೆಸರು ಇವತ್ತಿಗೂ ನನ್ನ ನಾಲಿಗೆಗೆ ಹೊರಳುವುದಿಲ್ಲ.

ಒಳಗೆ ಟಿಕೀಟು ಕೊಡುವ ಕಿಂಡಿ ಇಲ್ಲ, ಕಿಂಡಿಯ ಹಿಂದೆ ಮನುಷ್ಯ ಇಲ್ಲ. ಗೋಡೆಗೆ ನಿಂತ ಯಂತ್ರ, ಅದರ ಮುಖದ ತುಂಬ ತಿಳಿಯದ ಅಕ್ಷರ. ಎಷ್ಟೋ ಯಂತ್ರದ ಹೊಟ್ಟೆ ಬಿಚ್ಚಿದವನಿಗೆ ಇದರ ಮುಂದೆ ಎಲ್ಲಿ ಕೈ ಇಡಬೇಕೋ ತಿಳಿಯಲಿಲ್ಲ. ಬೆನ್ನ ಹಿಂದೆ ಜನ ಬಂದು ನಿಂತರು. ಕಾಕಾ ಮೆಲ್ಲಗೆ ಅಂದ, ಯಾರನ್ನಾದರೂ ಕೇಳೋಣ ಅಂತ. ಕೇಳಿದ್ರ ನಮ್ಮ ಗಂಟೇನ್ ಹೋಗತೈತಿ ಅಂತ. ನಾನು ಸಿಡುಕಿದೆ — ನೀ ಸುಮ್ನಿರು, ನನಗ ಗೊತ್ತೈತಿ.

ಗೊತ್ತಿರಲಿಲ್ಲ. ವಿಮಾನದ ಚಿತ್ರ ಒತ್ತಿದೆ. ಆಮೇಲೆ ಎರಡು ಗೊಂಬೆ ಬಂದವು, ಒಂದು ದೊಡ್ಡದು, ಒಂದು ಸಣ್ಣದು. ನಾವೂ ಇಬ್ಬರು. ದೊಡ್ಡದನ್ನು ಒಂದು ಸಲ ಒತ್ತಿದೆ, ಸಣ್ಣದನ್ನು ಒಂದು ಸಲ. ದೊಡ್ಡದು ನಾನು, ಸಣ್ಣದು ಕಾಕಾ ಅಂತ ನನ್ನ ಮನಸ್ಸು ಆಗಲೇ ಅಂದುಕೊಂಡಿತ್ತೋ ಏನೋ... ಯಂತ್ರ ನನ್ನ ನೋಟನ್ನು ಎರಡು ಸಲ ಉಗುಳಿ ಮೂರನೇ ಸಲ ನುಂಗಿತು. ಎರಡು ಚೀಟಿ ಬಿದ್ದವು. ಕಾಕಾ ನನ್ನ ಬೆನ್ನು ತಟ್ಟಿ, ಭಲೇ ಮಗನ ಅಂದ.

ರೈಲಿನಲ್ಲಿ ನಮ್ಮ ಎದುರಿಗೆ ಒಬ್ಬ ತಾಯಿ, ಅವಳ ಪುಟ್ಟ ಹುಡುಗಿ. ಹುಡುಗಿ ತನ್ನ ಟಿಕೀಟನ್ನು ಕಿಟಕಿಗೆ ಹಿಡಿದು ಆಡುತ್ತಿತ್ತು. ಅದರ ಮೇಲೆ ಸಣ್ಣ ಗೊಂಬೆ. ತಾಯಿಯ ಕೈಯಲ್ಲಿದ್ದದ್ದಕ್ಕೆ ದೊಡ್ಡ ಗೊಂಬೆ. ಸಣ್ಣ ಗೊಂಬೆ ಅಂದರೆ ಕೂಸಿನ ಟಿಕೀಟು. ರೋಣದ ಬಸ್ಸಿನಲ್ಲಿ ಅರ್ಧ ಟಿಕೀಟು ನೋಡದವರು ಯಾರು? ಅಷ್ಟರಲ್ಲಿ ಡಬ್ಬಿಯ ಆ ತುದಿಯ ಬಾಗಿಲು ಸರಿದು ಟಿಕೀಟು ನೋಡುವವರು ಇಬ್ಬರು ಒಳಗೆ ಬಂದರು.

ಚೀಟಿ ಎರಡೂ ನನ್ನ ಜೇಬಿನಲ್ಲೇ ಇದ್ದವು. ಹೇಳಲು ಹೊತ್ತಿತ್ತು. ಬಂದ ದಿನ ವಿಮಾನ ನಿಲ್ದಾಣದಲ್ಲಿ ಕಾಕಾನ ಹೆಸರು ಓದಿ, ಗಡ್ಡ ನೋಡಿ, ಎಷ್ಟು ಹೊತ್ತು ಅವನನ್ನು ಬದಿಗೆ ನಿಲ್ಲಿಸಿದ್ದರು ಅನ್ನುವುದೂ ನೆನಪಾಯಿತು. ಸಿಕ್ಕಿಬಿದ್ದರೆ ನನಗಿಂತ ಅವನಿಗೇ ಹೆಚ್ಚು ತ್ರಾಸು ಅಂತ ಗೊತ್ತಿತ್ತು. ಗೊತ್ತಿದ್ದೂ —

"ತಗೋ ಕಾಕಾ, ನಿಂದು ನೀ ಇಟ್ಕೋ" ಅಂತ ಸಣ್ಣ ಗೊಂಬೆಯ ಚೀಟಿ ಅವನ ಕೈಗಿಟ್ಟೆ.

ಅವರಲ್ಲಿ ಒಬ್ಬ ನನ್ನದನ್ನು ನೋಡಿ ಸರಿ ಅಂತ ತಲೆಯಾಡಿಸಿದ. ಕಾಕಾನದನ್ನು ನೋಡಿ, ಗೊಂಬೆಯನ್ನು ತೋರಿಸಿ, ಅವನ ಬಿಳಿ ಗಡ್ಡವನ್ನು ತೋರಿಸಿದ. ಹಿಂದೆ ಯಾರೋ ನಕ್ಕರು. ಏನೂ ತಿಳಿಯದೆ ಕಾಕಾನೂ ನಕ್ಕ. ಆಮೇಲೆ ಆ ಮನುಷ್ಯ ನನ್ನ ಕಡೆ ತಿರುಗಿ, ಎರಡು ಬೆರಳು ಜೋಡಿಸಿ ಏನೋ ಕೇಳಿದ. ನೀವಿಬ್ಬರೂ ಜೊತೆಯಾ — ಅದು ತಿಳಿಯಲು ಯಾವ ಭಾಷೆ ಬೇಕು?

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಕಿಟಕಿಯ ಗಾಜಿನಲ್ಲಿ ಕಾಕಾ ಕಾಣುತ್ತಿದ್ದ. ಅವನು ನನ್ನನ್ನು ನೋಡಿದ. ಸವೆದ ಬೇರಿಂಗು ಎಲ್ಲಿದೆ ಅಂತ ಗೊತ್ತಾದಾಗ ಅವನ ಮುಖ ಹೇಗಾಗುತ್ತಿತ್ತೋ ಹಾಗೇ ಆಯಿತು. ಆಮೇಲೆ ಚೀಲದ ಕಡೆ ಬಗ್ಗಿ, ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುವವನ ಹಾಗೆ ಅಂದ:

"ವಿಮಾನ ತಪ್ಪಸ್ಕೋಬ್ಯಾಡ. ನಾ ಹ್ಯಾಂಗರೆ ಬರ್ತೀನಿ."

ಮುಂದಿನ ಸ್ಟೇಷನ್ನಿನಲ್ಲಿ ಅವರಿಬ್ಬರ ನಡುವೆ ಇಳಿದು ಹೋದ. ಬಾಗಿಲು ತೆರೆದೇ ಇತ್ತು, ಇಳಿಯಬಹುದಿತ್ತು. ನಾನು ಇಳಿಯಲಿಲ್ಲ.

ವಿಮಾನ ನಿಲ್ದಾಣದಲ್ಲಿ ಕೂತ ಆ ಎರಡು ತಾಸು... ಅವನು ಬರದಿದ್ದರೆ ಅವನ ಹೆಂಡತಿಗೆ, ಕಾಕಿಗೆ, ಏನು ಹೇಳಲಿ ಅಂತ ಹೆದರಿದೆ. ಸಮವಸ್ತ್ರ ಹಾಕಿದವರು ಹಾದುಹೋದರೆ ನನ್ನನ್ನೇ ಹುಡುಕುತ್ತಿದ್ದಾರೆ ಅಂತ ಹೆದರಿದೆ. ಇದನ್ನೂ ಹೇಳಿಬಿಡಬೇಕು — ಅವನು ಬಂದು ಎಲ್ಲ ಹೇಳಿಬಿಟ್ಟರೆ ಏನು ಗತಿ ಅಂತ ಅದಕ್ಕಿಂತ ಹೆಚ್ಚು ಹೆದರಿದೆ. ಕಡೆಯ ಹೊತ್ತಿಗೆ ಟೊಪ್ಪಿಗೆ ಕೈಯಲ್ಲಿ ಹಿಡಿದು, ಹಣೆ ತುಂಬ ಬೆವರಿನಲ್ಲಿ ಓಡಿ ಬಂದ. ನೀರ್ ಐತೇನು ಅಂತ ಕೇಳಿದ. ಕುಡಿದ. ಅವರು ಹೇಗೆ ಬಿಟ್ಟರು ಅಂತ ನಾನು ಕೇಳಲಿಲ್ಲ. ವಿಮಾನದಲ್ಲಿ ಒಂದು ಮಾತಿಲ್ಲ. ಹುಬ್ಬಳ್ಳಿಯಿಂದ ಬರುವ ಬಸ್ಸಿನಲ್ಲೂ ಇಲ್ಲ.

ಆ ಮೌನವೇ ನನ್ನನ್ನು ಹೆದರಿಸಿತು. ಗಿರಣಿಯಲ್ಲಿ ಎಲ್ಲರೂ ಸುತ್ತ ನಿಂತು, ಹ್ಯಾಂಗಿತ್ತೋ ಪರದೇಶ ಅಂತ ಸಾವಕಾರರು ಕೇಳಿದಾಗ, ಕಾಕಾ ಬಾಯಿ ತೆರೆಯುವ ಮೊದಲು ನಾನು ತೆರೆದೆ:

"ಕಾಕಾ ತಾನ ಟಿಕೀಟ್ ತಗೀತೀನಂತ ಹೋಗಿ ಅರ್ಧ ಟಿಕೀಟ್ ತಗದಾನ್ರಿ. ಗಡ್ಡದ ಕೂಸು ಅಂತ ಹಿಡಕೊಂಡ ಹೋದ್ರು."

ಸಾವಕಾರರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಕಾಕಾ ನೆಲ ನೋಡುತ್ತ ಮುಗುಳ್ನಕ್ಕ. ಅಲ್ಲ ಅನ್ನಲಿಲ್ಲ. ವಾರದ ಮೇಲೆ ಸಾವಕಾರರು, ಟಿಕೀಟಿನ ಮಷೀನು ತಿಳಿಯದವನಿಗೆ ಇಂಥಾದ್ದನ್ನು ಹ್ಯಾಂಗ ಕೊಡೂದು ಅಂತ ಅಂದು ಹೊಸ ಯಂತ್ರ ನನ್ನ ಕೈಗೆ ಒಪ್ಪಿಸಿದರು. ಹಮಾಲರೂ ಅವನನ್ನು ಅರ್ಧ ಟಿಕೀಟ್ ಅಂತಲೇ ಕರೆಯತೊಡಗಿದರು. ಚಾದ ಅಂಗಡಿಯವನು, ಅರ್ಧ ಟಿಕೀಟಿಗೆ ಅರ್ಧ ಕಪ್ ಅಂತ ಕೂಗುತ್ತಿದ್ದ. ಕಾಕಾ ಎರಡು ವರ್ಷ ಸಹಿಸಿದ. ಒಂದು ದಿನ ತನ್ನ ಸ್ಕ್ರೂಡ್ರೈವರನ್ನು ಅರಿವೆಯಲ್ಲಿ ಸುತ್ತಿಕೊಂಡು ರಾಜೂರಿಗೆ ಹೋದವನು ತಿರುಗಿ ಬರಲಿಲ್ಲ.

ನಾನು ಆ ಯಂತ್ರದ ಮುಂದೆ ನಿಂತೆ, ವರ್ಷಗಟ್ಟಲೆ. ಕರಿಕಾಳು ಬಂದಾಗೊಮ್ಮೆ ಟಕ್ ಅನ್ನುತ್ತದೆ. ಪ್ರತಿ ಟಕ್ಕಿಗೂ ಎದೆ ಹಾರುತ್ತಿತ್ತು. ರಾಜೂರ ಕಡೆಯವರು ಯಾರಾದರೂ ಗಿರಣಿಗೆ ಬಂದರೆ ಮೊದಲು ಅವರ ಮುಖ ನೋಡುತ್ತಿದ್ದೆ — ಕಾಕಾ ಇವರಿಗೆ ಹೇಳಿರಬಹುದಾ?

ಅವನು ಯಾರಿಗೂ ಹೇಳಿಲ್ಲ. ಕಳೆದ ವಾರ ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ಅವನ ಅಳಿಯ ಸಿಕ್ಕಿದ್ದ. ಮಾವನಿಗೆ ಕಿವಿ ಪೂರಾ ಮಂದ ಆಗಿದೆ, ಕೂಗಿ ಹೇಳಿದರಷ್ಟೇ ಕೇಳುತ್ತದೆ ಅಂದ. ಆಮೇಲೆ ನಗುತ್ತ ಕೇಳಿದ:

"ಆ ಅರ್ಧ ಟಿಕೀಟಿನ ಕಥಿ ಖರೇ ಏನ್ರಿ ಈರಣ್ಣಾರ? ನಾವ್ ಕೇಳಿದ್ರ, ಹೌದು ನಾನ ತಗದಿದ್ದೆ ಅಂತಾರ."

ಇವತ್ತಿಗೂ ನನ್ನ ಸುಳ್ಳನ್ನು ಅವನೇ ಹೊತ್ತಿದ್ದಾನೆ. ನಾನು ಬಸ್ ಬಂತು ಅಂದು ಓಡಿ ಹತ್ತಿದೆ. ಅದು ನನ್ನ ಬಸ್ಸೂ ಅಲ್ಲ.

ಕಾಕಾನಿಗೆ ಓದು ಬಾರದು, ಈ ಕಾಗದ ಅವನಿಗಲ್ಲ. ನಾಳೆ ನಾನು ಹಿಂದೆ ಸರಿದರೆ ನನ್ನನ್ನು ಹಿಡಿದು ನಿಲ್ಲಿಸಲಿ ಅಂತ ಬರೆದು, ಇದನ್ನು ಓದುವ ನಿಮ್ಮ ಕೈಗೆ ಕೊಟ್ಟಿದ್ದೇನೆ. ಆವತ್ತೇ ಹೇಳಿದ್ದರೆ ಪಕ್ಕದಲ್ಲಿ ಕೂತು ಕಿವಿಯಲ್ಲಿ ಹೇಳಿ ಮುಗಿಸಬಹುದಿತ್ತು. ಈಗ ಅವನ ಮನೆಯ ಅಂಗಳದಲ್ಲಿ ನಿಂತು ಕೂಗಬೇಕು. ಕೂಗಿದರೆ ಓಣಿಗೆಲ್ಲ ಕೇಳುತ್ತದೆ. ಅವನ ಅಳಿಯನಿಗೆ, ಮಗಳಿಗೆ, ಕಟ್ಟೆಯ ಮೇಲೆ ಕೂತವರಿಗೆ. ಅಲ್ಲಿಂದ ನರಗುಂದಕ್ಕೆ ಬಂದು, ಸಾವಕಾರರ ಮುಂದೆ, ಚಾದ ಅಂಗಡಿಯ ಮುಂದೆ, ಅದೇ ದನಿಯಲ್ಲಿ.

ಹೆದರಿಕೆ ಹೋಗಿಲ್ಲ. ನಾಳೆ ಮುಂಜಾನೆ ರಾಜೂರ ಬಸ್ಸು ಹತ್ತುತ್ತೇನೆ. ಅವನಿಗೆ ಒಂದೇ ಸಲಕ್ಕೆ ಕೇಳದಿದ್ದರೆ, ಇನ್ನೊಂದು ಸಲ ಕೂಗುತ್ತೇನೆ.